ಛಾಪಿನೊಳಗಿನ ನಾಯಿ

ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿ. ಈ ಊರುಗಳ ಯಾವುದೇ ದೊಡ್ಡ ರಸ್ತೆಯಲ್ಲಿ ಹತ್ತು ನಿಮಿಷ ನಡೆದರೆ ಸಾಕುಪ್ರಾಣಿಗಳ ಸಾಮಾನು ಮಾರುವ ಒಂದಾದರೂ ಅಂಗಡಿ ಕಣ್ಣಿಗೆ ಬೀಳುತ್ತದೆ. ಬಟ್ಟೆ, ಚಪ್ಪಲಿ, ಮೊಬೈಲ್ ಅಂಗಡಿಗಳ ನಡುವೆ ಅದನ್ನು ಗುರುತಿಸುವುದು ಸುಲಭ. ಹೆಸರು ಓದಬೇಕಾಗಿಲ್ಲ, ಬೋರ್ಡಿನ ಮೇಲೆ ಒಂದು ಪಂಜದ ಗುರುತಿರುತ್ತದೆ. ಕೆಳಗೆ ಒಂದು ದೊಡ್ಡ ಮೆತ್ತೆ, ಮೇಲೆ ನಾಲ್ಕು ಸಣ್ಣ ಬೊಟ್ಟು. ಒಳಗೆ ಹೋದರೆ ಆಹಾರದ ಚೀಲ, ಕೊರಳಪಟ್ಟಿ, ಶಾಂಪೂ, ಆಟಿಕೆಗಳ ಮೇಲೂ ಅದೇ ಪಂಜ.

ಬೇಟೆಗಾರರಿಗೂ ಅರಣ್ಯ ಸಿಬ್ಬಂದಿಗೂ ಈ ಗುರುತಿನಲ್ಲೊಂದು ತಮಾಷೆ ಕಂಡೀತು. ನಾಯಿ ನಡೆದ ಮಣ್ಣಿನಲ್ಲಿ ಸಾಮಾನ್ಯವಾಗಿ ಉಗುರಿನ ತುದಿಯೂ ಮೂಡುತ್ತದೆ. ಬೆಕ್ಕು ನಡೆಯುವಾಗ ಉಗುರನ್ನು ಒಳಗೆಳೆದುಕೊಳ್ಳುವುದರಿಂದ ಅದು ಮೂಡುವುದಿಲ್ಲ. ಹಾಗಾಗಿ ನಾಯಿಯ ಬಿಸ್ಕತ್ತಿನ ಮೇಲೆ ಅಚ್ಚಾಗಿರುವ ಉಗುರಿಲ್ಲದ ಪಂಜ, ನಿಜದಲ್ಲಿ ಬೆಕ್ಕಿನ ಹೆಜ್ಜೆಗೇ ಹತ್ತಿರ. ಕೊಳ್ಳುವವರು ಇದನ್ನು ಗಮನಿಸುವುದಿಲ್ಲ, ನಾಯಿಗಂತೂ ಬೇಕಾಗಿಯೇ ಇಲ್ಲ. ಸಾಕುಪ್ರಾಣಿಗಳ ವ್ಯಾಪಾರದ ಮೂಲ ವಿಚಿತ್ರವೇ ಇದು: ಇಲ್ಲಿ ಕೊಳ್ಳುವವರು ಒಬ್ಬರು, ತಿನ್ನುವವರು ಇನ್ನೊಬ್ಬರು. ತಿನ್ನುವವರಿಗೆ ಓದಲು ಬಾರದು, ದೂರಲೂ ಬಾರದು. ನಾಯಿಯ ಕಣ್ಣಿಗೆ ನೀಲಿ ಮತ್ತು ಹಳದಿ ಸ್ಪಷ್ಟವಾಗಿ ಕಾಣುತ್ತವೆ, ಕೆಂಪು–ಹಸಿರಿನ ಭೇದ ಅಷ್ಟಾಗಿ ತಿಳಿಯುವುದಿಲ್ಲ ಎಂದು 1989ರಲ್ಲಿ ಜೇ ನೈಟ್ಸ್ ಮತ್ತು ಸಂಗಡಿಗರು ಪ್ರಯೋಗದಿಂದ ತೋರಿಸಿಕೊಟ್ಟರು. ಆದರೂ ಅಂಗಡಿಯ ಕಪಾಟಿನಲ್ಲಿ ಕೆಂಪಿಗೇನೂ ಕೊರತೆಯಿಲ್ಲ. ಲಾಂಛನ ಮಾತಾಡುವುದು ಮನುಷ್ಯನ ಜೊತೆ.

ಮನುಷ್ಯನಿಗಾಗಿ ಬರೆದ ಪ್ರಾಣಿಯ ಚಿತ್ರ ಹಾಗಾದರೆ ಪ್ರಾಣಿಯ ಬಗ್ಗೆ ಏನು ಹೇಳುತ್ತದೆ? ಆ ಚಿತ್ರದಿಂದ ಪ್ರಾಣಿಗೆ ಏನಾಗುತ್ತದೆ? ಈ ಪ್ರಶ್ನೆಗಳಿಗೆ ಒಂದು ಉದ್ದನೆಯ ಚರಿತ್ರೆಯಿದೆ. ಅದರ ಹಲವು ಎಳೆಗಳು ಠಾಣೆಯ ಸುತ್ತಮುತ್ತ ಹಾದುಹೋಗುತ್ತವೆ, ಕೆಲವು ಕನ್ನಡನಾಡಿಗೂ ಬರುತ್ತವೆ.

ಕಲ್ಲಿನ ಮೇಲಿನ ಕಾಳಿ

'ಲಾಂಛನ' ಎಂಬ ಪದ ಜಾಹೀರಾತು ಕಂಪನಿಗಳಿಗಿಂತ ಬಹಳ ಹಳೆಯದು. ನಮ್ಮ ಅರಸುಮನೆತನಗಳು ಪ್ರಾಣಿಗಳ ಗುರುತಿಲ್ಲದೆ ಆಳಿದ್ದೇ ಅಪರೂಪ. ಚಾಲುಕ್ಯರಿಗೆ ವರಾಹ, ಕದಂಬರಿಗೆ ಸಿಂಹ, ಮೈಸೂರಿಗೆ ಗಂಡಭೇರುಂಡ. ಠಾಣೆಯನ್ನು ರಾಜಧಾನಿ ಮಾಡಿಕೊಂಡಿದ್ದ ಉತ್ತರ ಕೊಂಕಣದ ಶಿಲಾಹಾರರದು ಚಿನ್ನದ ಗರುಡಧ್ವಜ. ಕಲ್ಯಾಣದಾಚೆಯ ಅಂಬರನಾಥದಲ್ಲಿ 1060ರ ಶಿವಾಲಯ ಇವರ ಕಾಲದ ಗುರುತಾಗಿ ಇಂದಿಗೂ ನಿಂತಿದೆ. ಈ ಲಾಂಛನಗಳಲ್ಲಿ ನಾಯಿಗೆ ಜಾಗವಿರಲಿಲ್ಲ. ಲಾಂಛನದ ಪ್ರಾಣಿ ಒಡೆಯನ ಪ್ರತಾಪವನ್ನು ಹೇಳಬೇಕಾಗಿತ್ತು. ನಾಯಿ ಹೇಳುವುದು ಸೇವೆಯನ್ನು.

ಆದರೆ ಕನ್ನಡದ ಕಲ್ಲಿನಲ್ಲಿ ನಾಯಿಯೊಂದು ಸ್ವಂತ ಹೆಸರಿನಿಂದ ನಿಂತದ್ದುಂಟು. ಮಂಡ್ಯ ಜಿಲ್ಲೆಯ ಆತಕೂರಿನ ವೀರಗಲ್ಲು ಹತ್ತನೆಯ ಶತಮಾನದ ನಡುಭಾಗದ್ದು. ರಾಷ್ಟ್ರಕೂಟ ಮೂರನೆಯ ಕೃಷ್ಣ ತಕ್ಕೋಲದಲ್ಲಿ ಚೋಳರನ್ನು ಸೋಲಿಸಿದ ಕಾಲ ಅದು. ಯುದ್ಧದಲ್ಲಿ ಮೆರೆದ ಮಣಲೆರ ಎಂಬ ವೀರನಿಗೆ ಏನು ಬೇಕೆಂದು ಒಡೆಯ ಕೇಳಿದಾಗ, ಅವನು ಊರನ್ನಾಗಲಿ ಹೊನ್ನನ್ನಾಗಲಿ ಕೇಳದೆ 'ಕಾಳಿ' ಎಂಬ ನಾಯಿಯನ್ನು ಕೇಳಿ ಪಡೆದ. ಮುಂದೆ ಕಾಳಿ ಒಂದು ದೊಡ್ಡ ಹಂದಿಯ ಮೇಲೆ ಬಿದ್ದು, ಅದನ್ನು ಕೊಂದು ತಾನೂ ಸತ್ತಿತು. ಅದರ ನೆನಪಿಗೆ ಚಲ್ಲೇಶ್ವರ ದೇವಾಲಯದ ಮುಂದೆ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಟ್ಟರು. ಹಂದಿಯ ಮೇಲೆರಗಿದ ನಾಯಿಯ ಚಿತ್ರವಿರುವ ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಅದೇ ಕಾಲದಲ್ಲಿ ಉತ್ತರ ಕೊಂಕಣವನ್ನು ಆಳುತ್ತಿದ್ದ ಶಿಲಾಹಾರರೂ ಇದೇ ರಾಷ್ಟ್ರಕೂಟರ ಸಾಮಂತರು.

ಕಾಳಿಯ ಕಲ್ಲಿಗೂ ಇಂದಿನ ಬ್ರಾಂಡಿನ ಚಿತ್ರಕ್ಕೂ ಒಂದು ವ್ಯತ್ಯಾಸ ಗಮನಿಸಬೇಕು. ಕಲ್ಲಿನಲ್ಲಿರುವುದು ಒಂದು ನಿರ್ದಿಷ್ಟ ನಾಯಿ, ಅದರ ಒಂದು ನಿರ್ದಿಷ್ಟ ದಿನ. ಚೀಲದ ಮೇಲಿರುವುದು ಯಾವ ನಾಯಿಯೂ ಅಲ್ಲ, ಎಲ್ಲ ನಾಯಿಗಳ ಹೆಸರಿನಲ್ಲಿ ನಿಂತ ಒಂದು ಆಕಾರ.

ಓದಲಾರದವರ ಅಕ್ಷರ

ವ್ಯಾಪಾರದ ಚಿತ್ರ ನಮ್ಮಲ್ಲಿ ದೊಡ್ಡ ಪ್ರಮಾಣದಲ್ಲಿ ಬಂದದ್ದು ಬಟ್ಟೆಯ ಜೊತೆ. ಬ್ರಿಟನ್ನಿನಲ್ಲಿ 1875ರ ಕಾಯಿದೆಯ ನಂತರ, 1876ರ ಜನವರಿ 1ರಿಂದ ವ್ಯಾಪಾರಚಿಹ್ನೆಗಳ ನೋಂದಣಿ ಶುರುವಾಯಿತು. ಮ್ಯಾಂಚೆಸ್ಟರಿನಿಂದ ಭಾರತಕ್ಕೆ ಬರುತ್ತಿದ್ದ ಬಟ್ಟೆಯ ಥಾನುಗಳ ಮೇಲೆ ಬಣ್ಣಬಣ್ಣದ ಚೀಟಿ ಅಂಟಿಸಿರುತ್ತಿದ್ದರು: ಆನೆ, ಹುಲಿ, ನವಿಲು, ದೇವರು, ರಾಣಿ. ಇಂಗ್ಲಿಷಿರಲಿ, ತನ್ನ ಭಾಷೆಯನ್ನೂ ಓದಲಾರದ ಗಿರಾಕಿ 'ಆನೆ ಛಾಪಿನದು ಕೊಡಿ' ಎನ್ನಬಹುದಿತ್ತು. ಮುಂಬಯಿಯ ಗಿರಣಿಗಳೂ ಇದೇ ದಾರಿ ಹಿಡಿದವು. ಕನ್ನಡದ 'ಛಾಪು', 'ಮಾರ್ಕು' ಎಂಬ ಮಾತುಗಳು ಮನೆಮನೆಗೆ ಬಂದದ್ದು ಹೀಗೆ ಕೊಂಡು ತಂದ ಸಾಮಾನುಗಳ ಜೊತೆ.

ಬಟ್ಟೆಯ ನಂತರ ಬೆಂಕಿಪೊಟ್ಟಣ. ಸ್ವೀಡನ್, ಜಪಾನುಗಳಿಂದ ಬರುತ್ತಿದ್ದ ಕಡ್ಡಿಪೆಟ್ಟಿಗೆಗೆ 1922ರಲ್ಲಿ ಸರ್ಕಾರ ಭಾರಿ ಆಮದು ಸುಂಕ ಹಾಕಿತು. ಹೊರಗಿನಿಂದ ತರುವುದಕ್ಕಿಂತ ಇಲ್ಲೇ ಮಾಡುವುದು ಲಾಭ ಎಂದುಕೊಂಡ ಸ್ವೀಡಿಷ್ ಕಂಪನಿ, ವೆಸ್ಟರ್ನ್ ಇಂಡಿಯಾ ಮ್ಯಾಚ್ ಕಂಪನಿಯನ್ನು, ಅಂದರೆ ವಿಮ್ಕೋವನ್ನು, ಸ್ಥಾಪಿಸಿ ಅಂಬರನಾಥದಲ್ಲಿ ಕಾರ್ಖಾನೆ ತೆರೆಯಿತು. ಶಿಲಾಹಾರರ ಗುಡಿಯ ಊರು ಬೆಂಕಿಪೊಟ್ಟಣದ ಊರೂ ಆಯಿತು. ಅಂಗೈಯಗಲವೂ ಇಲ್ಲದ ಆ ಪೆಟ್ಟಿಗೆಯ ಮುಖ ಚಿತ್ರಕಾರನಿಗೆ ಕಠಿಣ ಪಾಠ ಕಲಿಸಿತು: ಒಂದೇ ಆಕಾರ, ದಪ್ಪ ಗೆರೆ, ಎರಡು ಮೂರು ಬಣ್ಣ, ಮಬ್ಬು ಬೆಳಕಿನಲ್ಲೂ ಗುರುತು ಸಿಗಬೇಕು, ಅಚ್ಚು ಸ್ವಲ್ಪ ಆಚೀಚೆ ಆದರೂ ಕೆಡಬಾರದು. ಇಂದು ಮೊಬೈಲಿನ ಪರದೆಯ ಮೇಲೆ ಉಗುರಿನಷ್ಟು ಜಾಗದಲ್ಲಿ ತನ್ನ ಲಾಂಛನ ಕಾಣಬೇಕೆಂದು ಹೆಣಗುವ ಯಾವ ಸಣ್ಣ ಬ್ರಾಂಡಿಗೂ ಪಾಠ ಅದೇ.

ಬಣ್ಣದ ಅಡಿಯ ಯಂತ್ರ

ನಾಯಿಯೊಂದು ಜಗತ್ತಿನ ಅತಿ ಪರಿಚಿತ ಛಾಪಾದದ್ದು ಇದೇ ಅವಧಿಯಲ್ಲಿ. ನಿಪ್ಪರ್ 1884ರ ಸುಮಾರಿಗೆ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಹುಟ್ಟಿದ ನಾಯಿ. ಬಂದವರ ಕಾಲು ಕಚ್ಚುತ್ತಿದ್ದುದರಿಂದ ಆ ಹೆಸರು. ಟೆರಿಯರ್ ಜಾತಿಯದೆಂದು ಹೇಳುತ್ತಾರಾದರೂ ಅದು ಬೆರಕೆ. ಒಡೆಯ ಮಾರ್ಕ್ ಬರಾಡ್ ತೀರಿಕೊಂಡ ಮೇಲೆ ಅವನ ತಮ್ಮ, ಚಿತ್ರಕಾರ ಫ್ರಾನ್ಸಿಸ್ ಬರಾಡ್ ನಾಯಿಯನ್ನು ಸಾಕಿದ. 1895ರಲ್ಲಿ ನಿಪ್ಪರ್ ಸತ್ತಿತು. ಅದು ಧ್ವನಿಯಂತ್ರದ ಮುಂದೆ ತಲೆ ಓರೆ ಮಾಡಿ ಕೇಳುತ್ತಿದ್ದುದನ್ನು ಫ್ರಾನ್ಸಿಸ್ ನೆನಪಿನಿಂದ ಬಿಡಿಸಿದ್ದು ಅದು ಸತ್ತು ಸುಮಾರು ಮೂರು ವರ್ಷಗಳ ನಂತರ.

ಮೊದಲ ಚಿತ್ರದಲ್ಲಿದ್ದದ್ದು ಎಡಿಸನ್ ಮಾದರಿಯ ಕೊಳವೆಯ ಫೋನೋಗ್ರಾಫ್. ಅದನ್ನು ಕೊಳ್ಳಲು ಯಾರೂ ಮುಂದೆ ಬರಲಿಲ್ಲ. 1899ರಲ್ಲಿ ಲಂಡನ್ನಿನ ಗ್ರಾಮಫೋನ್ ಕಂಪನಿ, ಆ ಯಂತ್ರ ಅಳಿಸಿ ತನ್ನ ತಟ್ಟೆಯ ಯಂತ್ರವನ್ನು ಬರೆದುಕೊಟ್ಟರೆ ಕೊಳ್ಳುತ್ತೇನೆ ಎಂದಿತು. ಬರಾಡ್ ಹಳೆಯ ಯಂತ್ರದ ಮೇಲೆಯೇ ಹೊಸದನ್ನು ಬರೆದ. ಚಿತ್ರಕ್ಕೆ 50 ಪೌಂಡ್, ಹಕ್ಕಿಗೆ 50 ಪೌಂಡ್. ಮೂಲ ಚಿತ್ರವನ್ನು ಸರಿಯಾದ ಬೆಳಕಿನಲ್ಲಿ ನೋಡಿದರೆ ಬಣ್ಣದ ಅಡಿಯಲ್ಲಿ ಹಳೆಯ ಯಂತ್ರದ ಗೆರೆಗಳು ಕಾಣುತ್ತವೆ. ನಾಯಿ ಮಾತ್ರ ಕೂತಲ್ಲೇ ಕೂತಿತ್ತು.

ಈ ಕಂಪನಿ 1902ರಲ್ಲಿ ಫ್ರೆಡ್ ಗೈಸ್‌ಬರ್ಗ್‌ನನ್ನು ಧ್ವನಿಮುದ್ರಣಕ್ಕೆ ಭಾರತಕ್ಕೆ ಕಳಿಸಿತು. 1908ರಲ್ಲಿ ಕಲ್ಕತ್ತೆಯ ಸಿಯಾಲ್ದಾದಲ್ಲಿ, ಮುಂದೆ ದಮ್‌ದಮ್‌ನಲ್ಲಿ ಕಾರ್ಖಾನೆ ತೆರೆಯಿತು. ನಾಟಕ ಕಂಪನಿಗಳ ಹಾಡು, ದೇವರನಾಮಗಳೆಲ್ಲ ನಾಯಿಯ ಚಿತ್ರದ ತಟ್ಟೆಯಲ್ಲಿ ಕನ್ನಡದ ಮನೆಗಳಿಗೆ ಬಂದವು. ನಾಯಿಯನ್ನು ಹೊಸ್ತಿಲು ದಾಟಲು ಬಿಡದ ಮನೆಗಳಲ್ಲೂ ತಟ್ಟೆಯ ನಾಯಿಗೆ ಪಡಸಾಲೆಯಲ್ಲಿ ಜಾಗ ಸಿಕ್ಕಿತು.

ಅಕ್ಷರಗಳಿಂದ ಮಾಡಿದ ನಾಯಿ

ನಿಪ್ಪರ್ ಮಾರಿದ್ದು ಸಂಗೀತವನ್ನು. ನಾಯಿಗಾಗಿಯೇ ತಯಾರಾದ ಸಾಮಾನಿಗೆ ಲಾಂಛನ ಬರೆದ ಕಥೆ ಲಂಡನ್ನಿನ ಸ್ಪ್ರಾಟ್ಸ್ ಕಂಪನಿಯದು. ಮಿಂಚುನಿರೋಧಕ ಮಾರಲು ಅಮೆರಿಕದಿಂದ ಬಂದ ಜೇಮ್ಸ್ ಸ್ಪ್ರಾಟ್ 1860ರ ದಶಕದ ಆರಂಭದಲ್ಲಿ ನಾಯಿಯ ಬಿಸ್ಕತ್ತು ತಯಾರಿಸತೊಡಗಿದ. ಹಡಗಿನವರು ಎಸೆದ ಗಟ್ಟಿ ಬಿಸ್ಕತ್ತನ್ನು ಬಂದರಿನ ನಾಯಿಗಳು ತಿನ್ನುವುದನ್ನು ನೋಡಿ ಅವನಿಗೆ ಈ ಯೋಚನೆ ಬಂತೆಂಬುದು ಕಂಪನಿಯ ಸ್ಥಳಪುರಾಣ. ನಕಲು ಮಾಲು ಹೆಚ್ಚಿದಾಗ ಪ್ರತಿ ಬಿಸ್ಕತ್ತಿನ ಮೇಲೂ ಹೆಸರು ಮತ್ತು ಒಂದು ಅಡ್ಡಗುರುತು ಅಚ್ಚೊತ್ತಿ, ಅದನ್ನು ನೋಡಿಯೇ ಕೊಳ್ಳಿ ಎಂದು ಜಾಹೀರಾತು ಕೊಟ್ಟರು. ಲಾಂಛನದ ಮೊದಲ ಕೆಲಸ ಅಂದವಲ್ಲ, ಹೊಣೆ. ಈ ಮಾಲಿಗೆ ಉತ್ತರ ಕೊಡುವವರು ಯಾರು ಎಂದು ಹೇಳುವುದು.

ಈ ಕಂಪನಿಯಲ್ಲಿ ಹುಡುಗನಾಗಿ ಕೆಲಸಕ್ಕೆ ಸೇರಿದ ಚಾರ್ಲ್ಸ್ ಕ್ರಫ್ಟ್ 1891ರಲ್ಲಿ ತನ್ನ ಹೆಸರಿನ ಶ್ವಾನಪ್ರದರ್ಶನ ಶುರುಮಾಡಿದ. ಬಿಸ್ಕತ್ತು ಮಾರುವವರೂ ಪ್ರದರ್ಶನ ನಡೆಸುವವರೂ ಒಂದೇ ಬಳಗ. ಪ್ರದರ್ಶನಕ್ಕೆ ಶುದ್ಧ ತಳಿ ಬೇಕು, ತಳಿಗೆ ವಂಶಾವಳಿ ಬೇಕು, ವಂಶಾವಳಿಯ ನಾಯಿಗೆ ವಿಶೇಷ ಆಹಾರ ಬೇಕು. ಇಂದು ಡೊಂಬಿವಲಿಯ ಅಂಗಡಿಯಲ್ಲೂ ಸಿಗುವ 'ಪೆಡಿಗ್ರಿ' ಎಂಬ ಹೆಸರಿನ ಅರ್ಥವೇ ವಂಶಾವಳಿ. ಅದರ ಲಾಂಛನದಲ್ಲಿ ಕಾಣುವ ಹೂವಿನಂಥ ರಿಬ್ಬನ್, ಶ್ವಾನಪ್ರದರ್ಶನದಲ್ಲಿ ಗೆದ್ದ ನಾಯಿಗೆ ಕೊಡುವ ಬಹುಮಾನದ ಗುರುತು. ಬೀದಿಯಿಂದ ಎತ್ತಿ ತಂದ ನಾಯಿಗೆ ಅದನ್ನು ತಿನ್ನಿಸುವವರು ಆ ಅರ್ಥವನ್ನು ಯೋಚಿಸುವುದಿಲ್ಲ, ಆದರೆ ಚೀಲದ ಮೇಲೆ ಅದು ಇದ್ದೇ ಇದೆ.

ಸ್ಪ್ರಾಟ್ಸ್‌ಗೆ 1936ರಲ್ಲಿ ಮ್ಯಾಕ್ಸ್ ಫೀಲ್ಡ್-ಬುಷ್ ಬರೆದ ಲಾಂಛನವನ್ನು ಚಿತ್ರಕಾರರು ಈಗಲೂ ನೆನೆಯುತ್ತಾರೆ. ಕಂಪನಿಯ ಹೆಸರಿನ ಅಕ್ಷರಗಳನ್ನೇ ಬಾಗಿಸಿ, ಉಬ್ಬಿಸಿ, ಒಂದು ಸ್ಕಾಟಿ ನಾಯಿಯ ಆಕಾರಕ್ಕೆ ತಂದಿದ್ದ. ದೂರದಿಂದ ನಾಯಿ, ಹತ್ತಿರದಿಂದ ಹೆಸರು. ಅದೇ ಅಕ್ಷರಗಳಿಂದ ಬೇರೆ ಸಾಕುಪ್ರಾಣಿಗಳನ್ನೂ ಮಾಡಿದ. ಹೆಸರು ಬೇರೆ, ಚಿತ್ರ ಬೇರೆ ಎಂಬ ಭೇದವೇ ಅಲ್ಲಿ ಉಳಿಯಲಿಲ್ಲ. ಇದನ್ನು ಕದಿಯುವುದು ಕಷ್ಟ: ಬೇರೆ ಹೆಸರಿನ ಅಕ್ಷರಗಳನ್ನು ಹಾಕಿದರೆ ನಾಯಿಯೇ ನಿಲ್ಲುವುದಿಲ್ಲ. ಪಂಜದ ಗುರುತಿನ ತೊಂದರೆ ಇದಕ್ಕೆ ನೇರ ವಿರುದ್ಧ. ಅದರ ಕೆಳಗೆ ಯಾರ ಹೆಸರನ್ನು ಬೇಕಾದರೂ ಬರೆಯಬಹುದು.

ಮೈಸೂರಿನ ಬಿಸ್ಕತ್ತು, ಮುಂಬಯಿಯ ಹಸು

ಎರಡು ಚಿತ್ರಗಳು ಎಷ್ಟು ಹತ್ತಿರವಾದರೆ ತಪ್ಪು? ಭಾರತದಲ್ಲಿ ಈ ಪ್ರಶ್ನೆಗೆ ಉತ್ತರ ಹೇಳಿದ ಒಂದು ಮುಖ್ಯ ಮೊಕದ್ದಮೆ ಮುಂಬಯಿ ಮತ್ತು ಮೈಸೂರಿನ ನಡುವೆ ನಡೆಯಿತು, ಅದೂ ಬಿಸ್ಕತ್ತಿನ ಬಗ್ಗೆ. ಮುಂಬಯಿಯ ಪಾರ್ಲೆಯ ಗ್ಲುಕೋ ಬಿಸ್ಕತ್ತಿನ ಹೊದಿಕೆಯ ಮೇಲೆ ಆಗ ಹಳ್ಳಿಯ ಮನೆಯಂಗಳವಿತ್ತು: ನಡುವೆ ನೀರಿನ ಪಾತ್ರೆ ಹಿಡಿದ ಹುಡುಗಿ, ಸುತ್ತ ಹಸುಗಳು, ಕೋಳಿಗಳು. ಮೈಸೂರಿನ ಜೆ. ಪಿ. ಅಂಡ್ ಕಂಪನಿಯ ಗ್ಲುಕೋಸ್ ಬಿಸ್ಕತ್ತಿನ ಹೊದಿಕೆಯಲ್ಲಿ ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತು ಕುಡುಗೋಲು ಹಿಡಿದ ಹುಡುಗಿ, ಸುತ್ತ ಹಸುಗಳು, ಕೋಳಿಗಳು. ಎರಡರ ಅಳತೆ, ಬಣ್ಣ ಹೆಚ್ಚುಕಡಿಮೆ ಒಂದೇ.

ವ್ಯತ್ಯಾಸಗಳನ್ನು ಪಟ್ಟಿ ಮಾಡಿದರೆ ಬೇಕಾದಷ್ಟಿದ್ದವು. ಪಾತ್ರೆ ಬೇರೆ, ಹುಲ್ಲಿನ ಹೊರೆ ಬೇರೆ. ಮೈಸೂರು ಹೈಕೋರ್ಟಿನಲ್ಲೂ ಪಾರ್ಲೆಗೆ ಸೋಲಾಯಿತು. 1972ರಲ್ಲಿ ಸುಪ್ರೀಂ ಕೋರ್ಟು ಅದನ್ನು ತಿರುಗಿಸಿತು. ಗಿರಾಕಿ ಎರಡು ಪೊಟ್ಟಣಗಳನ್ನು ಅಕ್ಕಪಕ್ಕ ಇಟ್ಟು ಹೋಲಿಸುವುದಿಲ್ಲ. ಇವತ್ತು ಒಂದನ್ನು ನೋಡಿ, ಇನ್ನೊಂದು ದಿನ ಇನ್ನೊಂದನ್ನು ನೋಡಿದರೆ ಅದೇ ಇದು ಎಂದುಕೊಳ್ಳುತ್ತಾನೆಯೇ ಎಂಬುದೇ ಪರೀಕ್ಷೆ ಎಂದಿತು. ಚಿತ್ರದ ಮುಖ್ಯ ಲಕ್ಷಣಗಳನ್ನು ನೋಡಬೇಕು, ಬಿಡಿ ವಿವರಗಳನ್ನಲ್ಲ. ಅಮೃತಧಾರಾ–ಲಕ್ಷ್ಮಣಧಾರಾ ಔಷಧಿಗಳ ಮೊಕದ್ದಮೆಯಲ್ಲೂ ಕೋರ್ಟು ಇಂಥದೇ ಗಿರಾಕಿಯನ್ನು ಕಣ್ಣಮುಂದಿಟ್ಟುಕೊಂಡಿತ್ತು: ಸಾಧಾರಣ ಬುದ್ಧಿಯ, ಅರೆಬರೆ ನೆನಪಿನ ಮನುಷ್ಯ. ಕಾನೂನಿನ ಕಣ್ಣಿನಲ್ಲಿ ಲಾಂಛನ ಇರುವುದು ಕಾಗದದ ಮೇಲಲ್ಲ, ಇಂಥವನ ನೆನಪಿನಲ್ಲಿ.

ಮುಂದೆ 'ಪಾರ್ಲೆ-ಜಿ' ಎಂಬ ಹೆಸರು ಪಡೆದ ಅದೇ ಬಿಸ್ಕತ್ತು ಮುಂಬಯಿ ಉಪನಗರಗಳ ಬೀದಿನಾಯಿಗಳ ನಿತ್ಯದ ತಿಂಡಿ. ಸಿಹಿ ಬಿಸ್ಕತ್ತು ನಾಯಿಗೆ ಒಳ್ಳೆಯದಲ್ಲ ಎಂದು ಪಶುವೈದ್ಯರು ಹೇಳುತ್ತಲೇ ಇದ್ದಾರೆ. ಆದರೂ ನಾಯಿಯ ಗುರುತೇ ಇಲ್ಲದ ಆ ಪೊಟ್ಟಣವನ್ನು ನಿಲ್ದಾಣದ ನಾಯಿ ದೂರದಿಂದಲೇ ಬಲ್ಲದು.

ಏಳು ವರ್ಗ, ಒಂದು ಪಂಜ

ಈಗ ಅಂಗಡಿಗೆ ಮರಳೋಣ. ನವಿ ಮುಂಬಯಿಯಲ್ಲೋ ಕಲ್ಯಾಣದಲ್ಲೋ ಇಬ್ಬರು ಗೆಳೆಯರು ಸಾಕುಪ್ರಾಣಿಗಳ ಬ್ರಾಂಡು ಶುರುಮಾಡುತ್ತಾರೆ ಎಂದುಕೊಳ್ಳೋಣ. 2003ರಲ್ಲಿ ಜಾರಿಗೆ ಬಂದ 1999ರ ವ್ಯಾಪಾರಚಿಹ್ನೆ ಕಾಯಿದೆಯ ಪ್ರಕಾರ ನೋಂದಣಿ ಸರಕಿನ ವರ್ಗಕ್ಕೆ ತಕ್ಕಂತೆ. ಪ್ರಾಣಿಗಳ ಆಹಾರ 31ನೆಯ ವರ್ಗ, ಕೊರಳಪಟ್ಟಿ ಮತ್ತು ಹಗ್ಗ 18, ಊಟದ ಬಟ್ಟಲು ಮತ್ತು ಬಾಚಣಿಗೆ 21, ಆಟಿಕೆ 28, ಹಾಸಿಗೆ ಮತ್ತು ಗೂಡು 20, ಶಾಂಪೂ 3, ಔಷಧಿ 5. ಮನುಷ್ಯನ ಕಣ್ಣಿಗೆ ಒಂದೇ ಅಂಗಡಿ, ಕಾನೂನಿನ ಕಣ್ಣಿಗೆ ಏಳು ಲೋಕ. ಸಣ್ಣ ಉದ್ಯಮಕ್ಕೆ ಆನ್‌ಲೈನಿನಲ್ಲಿ ವರ್ಗವೊಂದಕ್ಕೆ 4,500 ರೂಪಾಯಿ ಶುಲ್ಕ ಹಿಡಿದರೆ ಏಳಕ್ಕೆ 31,500. ದೊಡ್ಡ ಕಂಪನಿಗೆ ಇದರ ಎರಡರಷ್ಟು.

ಇಷ್ಟು ಕೊಟ್ಟ ಮೇಲೂ ಪಂಜದ ಗುರುತಿನ ಮೇಲೆ ಏಕಸ್ವಾಮ್ಯ ಸಿಗುವುದು ಕಷ್ಟ. ಒಂದು ವ್ಯಾಪಾರದಲ್ಲಿ ಎಲ್ಲರೂ ಬಳಸುವ ಚಿಹ್ನೆಯನ್ನು ಯಾರೂ ತನ್ನದೆನ್ನಲಾಗದು. ಪಂಜದ ಜೊತೆಗಿನ ಹೆಸರು, ಅಕ್ಷರದ ರೀತಿ, ಒಟ್ಟು ಜೋಡಣೆಗೆ ರಕ್ಷಣೆ ಸಿಗಬಹುದು. ಬರಿಯ ಪಂಜಕ್ಕೆ ಅಷ್ಟು ಸುಲಭವಾಗಿ ಸಿಗದು. ಎಲ್ಲರಿಗೂ ತಕ್ಷಣ ಅರ್ಥವಾಗುವ ಗುರುತು ಯಾರದೂ ಆಗುವುದಿಲ್ಲ. ಹಾಗೆಂದು ಯಾರಿಗೂ ಅರ್ಥವಾಗದ ಗುರುತನ್ನು ಜನರ ನೆನಪಿಗೆ ತರಲು ಬೇಕಾದ ಹಣ ಸಣ್ಣ ಬ್ರಾಂಡಿನ ಬಳಿ ಇರುವುದಿಲ್ಲ. ಈ ಇಕ್ಕಟ್ಟಿಗೆ ಒಂದು ಒಳ್ಳೆಯ ಉತ್ತರ ಕರ್ನಾಟಕದಲ್ಲೇ ಇದೆ. ಮೈಸೂರು ಸ್ಯಾಂಡಲ್ ಸೋಪಿನ ಲಾಂಛನ ಶರಭ: ಆನೆಯ ತಲೆ, ಸಿಂಹದ ಮೈ. ಎರಡೂ ಪರಿಚಿತ, ಜೋಡಣೆ ಮಾತ್ರ ಬೇರಾರದೂ ಅಲ್ಲ.

ಚಿತ್ರ ತಂದ ನಾಯಿ

ಲಾಂಛನದ ಪ್ರಾಣಿ ಕಾಗದದಲ್ಲೇ ಉಳಿದರೆ ಇದೆಲ್ಲ ವ್ಯಾಪಾರದ ಮಾತಾಗಿ ಮುಗಿಯುತ್ತಿತ್ತು. ಅದು ಉಳಿಯುವುದಿಲ್ಲ. 2003ರಲ್ಲಿ ಹಚ್ ಮೊಬೈಲ್ ಕಂಪನಿಗಾಗಿ ಓಗಿಲ್ವಿ ಸಂಸ್ಥೆ ಒಂದು ಜಾಹೀರಾತು ಮಾಡಿತು. ಹುಡುಗನೊಬ್ಬ ಹೋದಲ್ಲೆಲ್ಲ ಒಂದು ಪುಟ್ಟ ಪಗ್ ನಾಯಿ ಹಿಂದೆಯೇ ಹೋಗುತ್ತದೆ, ನೆಟ್‌ವರ್ಕಿನ ಹಾಗೆ. ನಿರ್ದೇಶಿಸಿದವರು ಬೆಂಗಳೂರಿನ ನಿರ್ವಾಣ ಫಿಲ್ಮ್ಸ್‌ನ ಪ್ರಕಾಶ್ ವರ್ಮಾ. ದೇಶವೇ ಆ ನಾಯಿಯನ್ನು ಮುದ್ದಿಸಿತು. ಪಗ್ ಎಂಬ ಹೆಸರು ಗೊತ್ತಿಲ್ಲದವರು 'ಹಚ್ ನಾಯಿ' ಬೇಕೆಂದು ಕೇಳತೊಡಗಿದರು. ಕಂಪನಿಯ ಹೆಸರೇ ತಳಿಯ ಹೆಸರಾಯಿತು, ಮರಿಗಳ ಬೇಡಿಕೆ ಏರಿತು.

ಪಗ್‌ನ ಚಪ್ಪಟೆ ಮೂತಿ ತಲೆಮಾರುಗಳಿಂದ ಆರಿಸಿ ಆರಿಸಿ ಮಾಡಿದ್ದು. ಮೂತಿ ಕುಗ್ಗಿದರೂ ಒಳಗಿನ ಮಾಂಸ ಅಷ್ಟೇ ಉಳಿದಿರುವುದರಿಂದ ಉಸಿರಿನ ದಾರಿ ಇಕ್ಕಟ್ಟು. ನಾಯಿ ಮೈಯ ಬಿಸಿಯನ್ನು ಹೊರಹಾಕುವುದು ಮುಖ್ಯವಾಗಿ ಏದುಸಿರಿನ ಮೂಲಕ. ಉಸಿರಾಡಲೇ ಕಷ್ಟಪಡುವ ತಳಿಗೆ ಕೊಂಕಣದ ಮೇ ತಿಂಗಳ ಸೆಕೆ ಏನು ಮಾಡುತ್ತದೆಂದು ಊಹಿಸಬಹುದು. ಗೊರಕೆ ಹೊಡೆಯುತ್ತದೆ ಎಂದು ನಗುವ ಮನೆಯವರಿಗೆ, ಅದು ಗಾಳಿಗಾಗಿ ಮಾಡುವ ಹೋರಾಟ ಎಂದು ಪಶುವೈದ್ಯರು ಹೇಳಬೇಕಾಗುತ್ತದೆ. ಜಾಹೀರಾತು ಬರೆದವರು ಇದನ್ನು ಬಯಸಿರಲಿಲ್ಲ. ಅವರು ಬಯಸಿದ್ದು ನಿಷ್ಠೆಯ ಒಂದು ಚಿತ್ರವನ್ನು. ಚಿತ್ರ ತನ್ನ ಹಿಂದೆ ಜೀವಗಳನ್ನು ಎಳೆದುಕೊಂಡು ಬಂತು.

ಇನ್ನೊಂದು ಬದಿಯಲ್ಲಿ, ಚಿತ್ರವಾಗದೆ ಉಳಿದ ನಾಯಿಗಳಿವೆ. ಬಾಗಲಕೋಟೆ ಜಿಲ್ಲೆಯ ಮುಧೋಳದ ಬೇಟೆನಾಯಿ ಉದ್ದ ಮೂತಿ, ತೆಳು ಮೈ, ನಮ್ಮ ಬಿಸಿಲಿಗೆ ಹೊಂದಿದ ತಳಿ. 2005ರ ಜನವರಿಯಲ್ಲಿ ಅಂಚೆ ಇಲಾಖೆ ದೇಶದ ನಾಲ್ಕು ತಳಿಗಳ ಅಂಚೆಚೀಟಿ ತಂದಾಗ ಮುಧೋಳವೂ ಅದರಲ್ಲಿತ್ತು. ಕೊನೆಗೂ ಅದಕ್ಕೊಂದು ಛಾಪು ಸಿಕ್ಕಿತು, ಆದರೆ ಆಹಾರದ ಚೀಲಗಳ ಮೇಲೆ ಗೋಲ್ಡನ್ ರಿಟ್ರೀವರ್ ಕಂಡಷ್ಟು ಸಲೀಸಾಗಿ ಮುಧೋಳ ಕಾಣುವುದಿಲ್ಲ.

ಅದಕ್ಕಿಂತಲೂ ಕಾಣದ್ದು ಬೀದಿಯ ನಾಯಿ. ಮುಂಬಯಿಗೆ ಅದರೊಂದಿಗೆ ಹಳೆಯ ಸಂಬಂಧ. 1832ರ ಜೂನಿನಲ್ಲಿ ಸರ್ಕಾರ ಬೀದಿನಾಯಿಗಳನ್ನು ಕೊಲ್ಲಿಸತೊಡಗಿದಾಗ ಪಾರ್ಸಿಗಳು ಅಂಗಡಿ ಮುಚ್ಚಿ ಬೀದಿಗಿಳಿದರು, ಕೋಟೆಯ ಭಾಗದ ವ್ಯವಹಾರ ನಿಂತುಹೋಯಿತು. ಎರಡು ವರ್ಷದ ನಂತರ, 1834ರಲ್ಲಿ, ಜಮ್‌ಶೇಟ್‌ಜಿ ಜೀಜೀಭಾಯ್ ಮೊದಲಾದವರು ಬಾಂಬೆ ಪಾಂಜರಾಪೋಳವನ್ನು ಕಟ್ಟಿದರು. ಆ ಜನ ನಿಂತದ್ದು ತಾವು ಕೊಂಡ ನಾಯಿಗಳಿಗಾಗಿ ಅಲ್ಲ, ಯಾರೂ ಕೊಳ್ಳದ ನಾಯಿಗಳಿಗಾಗಿ. 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳು ಇಂಥ ನಾಯಿಯನ್ನು 'ಸಮುದಾಯದ ಪ್ರಾಣಿ' ಎಂದು ಕರೆಯುತ್ತವೆ. ಕಾನೂನು ಅದಕ್ಕೆ ಹೆಸರು ಕೊಟ್ಟಿದೆ. ಮಾರುಕಟ್ಟೆ ಇನ್ನೂ ಮುಖ ಕೊಟ್ಟಿಲ್ಲ.

ಆದ್ದರಿಂದ ಡೊಂಬಿವಲಿಯ ಸಣ್ಣ ಸ್ಟುಡಿಯೋದಲ್ಲಿ ಕೂತು ನಾಯಿಯ ಕಿವಿ ನೆಟ್ಟಗಿರಲೋ ಜೋತಾಡಲೋ, ಮೂತಿ ಉದ್ದವೋ ಮೊಂಡೋ, ಬಾಲ ಸುರುಳಿಯೋ ಎಂದು ಗೆರೆ ಎಳೆಯುವವರು ಅಂದಕ್ಕಿಂತ ಹೆಚ್ಚಿನದನ್ನು ನಿರ್ಧರಿಸುತ್ತಿರುತ್ತಾರೆ. ಯಾವ ನಾಯಿ ಮನೆಯದು, ಯಾವುದು ಬೀದಿಯದು ಎಂಬ ಗೆರೆಯೂ ಅಲ್ಲೇ ಬೀಳುತ್ತದೆ. ಜಗತ್ತಿನ ಅತಿ ದೊಡ್ಡ ನಾಯಿ ಛಾಪು ವಂಶಾವಳಿ ಇಲ್ಲದ ಬೆರಕೆ ನಾಯಿಯದೇ ಆಗಿತ್ತು ಎಂಬುದನ್ನು ಅವರು ನೆನಪಿಟ್ಟುಕೊಳ್ಳಬಹುದು. ವ್ಯಾಪಾರಚಿಹ್ನೆಯ ನೋಂದಣಿ 10 ವರ್ಷಕ್ಕೆ. ನವೀಕರಿಸುತ್ತ ಹೋದರೆ ಅದಕ್ಕೆ ಸಾವಿಲ್ಲ. ನಿಪ್ಪರ್ ಬದುಕಿದ್ದು ಸುಮಾರು 11 ವರ್ಷ. ಅದರ ಛಾಪು ಆಗಲೇ ಒಂದು ಶತಮಾನ ದಾಟಿದೆ.